ಹೂವಿನ ಹತ್ತಿರ ಹೋಗಲು ಬಿಡದ ಲೆನ್ಸು

ನಮ್ಮ ಮನೆಯಲ್ಲಿ ಬೆಳಿಗ್ಗೆ ಆರೂಕಾಲಿಗೆಲ್ಲ ಹೂವು ಕೀಳುವ ಕೆಲಸ ಮುಗಿದಿರುತ್ತದೆ. ಅತ್ತೆಗೆ ಈಗ 84. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಟಾರ್ಚು. ಕತ್ತಲಲ್ಲೇ ಸೇವಂತಿಗೆ, ಸ್ಫಟಿಕ, ದಾಸವಾಳ ಎಲ್ಲ ಬುಟ್ಟಿ ಸೇರುತ್ತವೆ. ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದೇ ಸುಮಾರು 6.45ಕ್ಕೆ. ಪಕ್ಕದ ಮನೆಯ ಮಹಡಿ ದಾಟಿ ಆ ಬಿಸಿಲು ನಮ್ಮ ಕಾಂಪೌಂಡಿನೊಳಗೆ ಇಳಿಯುವಾಗ 7.20. ಅಷ್ಟು ಹೊತ್ತಿಗೆ ಗಿಡದಲ್ಲಿ ಉಳಿದಿರುವುದು ಎಲೆ ಮಾತ್ರ. ಹೀಗಿರುವ ಮನೆಯಲ್ಲಿ ಹೂವಿನ ಫೋಟೋ ತೆಗೆಯಲು ಲೆನ್ಸ್ ಕೊಂಡವಳು ನಾನು. ಎರಡು ಚಳಿಗಾಲ ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ.

ಕ್ಯಾಮೆರಾ ನಾನು ಕೊಂಡದ್ದಲ್ಲ. ಮಗ ಹೊಸದು ತಗೊಂಡಾಗ ಹಳೆಯ ಕ್ಯಾನನ್ 1500ಡಿ ನನ್ನ ಪಾಲಿಗೆ ಬಂತು. ಅದರ ಜೊತೆಗೆ ಬರುವ 18-55 ಎಂಎಂ ಕಿಟ್ ಲೆನ್ಸ್ ಕೂಡ ಇತ್ತು. ನಾನು ಕೊಂಡದ್ದು ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ. 2015ರಲ್ಲಿ ಬಂದ, ಝೂಮ್ ಆಗದ ಲೆನ್ಸ್ ಇದು. (ಎಸ್‌ಟಿಎಂ ಅನ್ನುವುದು ಅದರ ಫೋಕಸ್ ಮೋಟರಿನ ಹೆಸರು. ಮುಂದೆ ಬರೀ 50 ಅಂದರೆ ಇದೇ ಲೆನ್ಸು.) ತೂಕ 160 ಗ್ರಾಂ, ಅಂದರೆ ಒಂದು ಒಳ್ಳೆ ಸೀಬೆಹಣ್ಣಿನಷ್ಟು. ನನ್ನದು ಸೆಕೆಂಡ್ ಹ್ಯಾಂಡ್, 5,500 ರೂಪಾಯಿ ಕೊಟ್ಟೆ. ಪಿಂಚಣಿ ಬಂದ ವಾರ.

ಕೊಡುವಾಗ ಅಂಗಡಿಯ ಹುಡುಗ ಹೇಳಿದ್ದು ಒಂದೇ ಮಾತು. "ಹೂವಿಗೆ ಇದಕ್ಕಿಂತ ಬೇರೆ ಬೇಡ ಮೇಡಂ, ಹಿಂದೆ ಎಲ್ಲ ಫುಲ್ ಬ್ಲರ್ ಆಗತ್ತೆ." ಹಿಂದೆ ಬ್ಲರ್ ಆಗುವುದು ನಿಜ. ಆದರೆ ಅವನು ಹೇಳದೇ ಬಿಟ್ಟ ಮಾತೊಂದಿದೆ. ಈ ಲೆನ್ಸು ನಿಮ್ಮನ್ನು ಹೂವಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಮೊದಲ ದಿನ ಏನಾಯಿತು ಅಂದರೆ, ಕನಕಾಂಬರದ ಗಿಡದ ಮುಂದೆ ಕೂತು ಒಂದೇ ಒಂದು ಹೂವನ್ನು ಪೂರ್ತಿ ತುಂಬಿಸಬೇಕು ಅಂತ ಮುಂದೆ ಮುಂದೆ ಸರಿದೆ. ಲೆನ್ಸು ಗುರ್ ಗುರ್ ಅಂತ ಹಿಂದೆ ಮುಂದೆ ಓಡಾಡಿತು. ಫೋಕಸ್ ಆಗಲಿಲ್ಲ, ಬಟನ್ ಒತ್ತಿದರೂ ಫೋಟೋ ಬೀಳಲಿಲ್ಲ. ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಇದರ ಕನಿಷ್ಠ ಫೋಕಸ್ ದೂರ 35 ಸೆಂಟಿಮೀಟರ್. ಅದನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನಿಂದ ಅಳೆಯುತ್ತಾರೆ. ಲೆನ್ಸಿನ ಮೂತಿಯಿಂದ ಲೆಕ್ಕ ಹಾಕಿದರೆ ಒಂದು ಗೇಣು, ಅದರ ಮೇಲೆ ಚೂರು. ಅದಕ್ಕಿಂತ ಹತ್ತಿರ ಹೋದರೆ ಏನೂ ಕಾಣದು. ಅಷ್ಟು ದೂರದಲ್ಲಿ ಚೌಕಟ್ಟಿನ ಅಗಲಕ್ಕೆ ಹತ್ತೂವರೆ ಸೆಂಟಿಮೀಟರಿನಷ್ಟು ಜಾಗ ಸಿಗುತ್ತದೆ. ದೊಡ್ಡ ಡೇಲಿಯಾ ಇದ್ದರೆ ತುಂಬಿಕೊಳ್ಳುತ್ತದೆ. ಸೇವಂತಿಗೆ ಅರ್ಧ. ಕನಕಾಂಬರ ಅಂದರೆ ಮೂಲೆಯಲ್ಲೊಂದು ಕಿತ್ತಳೆ ಚುಕ್ಕಿ, ಅಷ್ಟೇ.

ಇನ್ನೂ ಹೊಟ್ಟೆ ಉರಿಸಿದ್ದು ಏನು ಗೊತ್ತಾ? ಪುಕ್ಕಟೆ ಬಂದ ಕಿಟ್ ಲೆನ್ಸು ಇದಕ್ಕಿಂತ ಹತ್ತಿರ ಹೋಗುತ್ತದೆ! ಅದರ ಕನಿಷ್ಠ ದೂರ 25 ಸೆಂಟಿಮೀಟರ್. 55ಕ್ಕೆ ಝೂಮ್ ಮಾಡಿ ಹತ್ತಿರ ಹಿಡಿದರೆ ಚೌಕಟ್ಟಿನಲ್ಲಿ ಆರೂವರೆ ಸೆಂಟಿಮೀಟರ್ ಮಾತ್ರ ಹಿಡಿಯುತ್ತದೆ. ಅಂದರೆ ಅದೇ ಸೇವಂತಿಗೆ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ "ಕ್ಲೋಸಪ್‌ಗೆ 50 ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಮನೆಯಲ್ಲಿರುವ ಕಿಟ್ ಲೆನ್ಸನ್ನು ಹಿಡಿದು ನೋಡಿ.

ಹಾಗಾದರೆ ವಾಪಸ್ ಕೊಡಲಿಲ್ಲವೇಕೆ? ಬೆಳಕಿಗಾಗಿ.

ಒಂದು ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇತ್ತು. ಬಿಸಿಲು ಇನ್ನೂ ಬಿದ್ದಿರಲಿಲ್ಲ, ಆಕಾಶ ಮಾತ್ರ ಬೆಳ್ಳಗಾಗಿತ್ತು. ಅತ್ತೆಯ ಕೈಗೆ ಎಟುಕದ ಮೇಲಿನ ಟೊಂಗೆಯಲ್ಲಿ ಒಂದು ಬಿಳಿ ದಾಸವಾಳ ಉಳಿದಿತ್ತು. ಕಿಟ್ ಲೆನ್ಸಿನಲ್ಲಿ 55ಕ್ಕೆ ಝೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್ಓ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 800 ಇಟ್ಟರೂ ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡಿಗೆ ಬಂದು ನಿಂತಿತು. ಆ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆ, ಸರಿ. ಆದರೆ ಅದು ನನ್ನ ಕೈಯ ನಡುಕ ತಡೆಯುತ್ತದೆಯೇ ಹೊರತು ಗಾಳಿಗೆ ತೂಗುವ ಹೂವನ್ನಲ್ಲ. ಹತ್ತು ತೆಗೆದೆ, ಹತ್ತೂ ಅಲುಗಿದ್ದವು. 50 ಹಾಕಿ ಅಪರ್ಚರ್ 2ಕ್ಕೆ ಇಟ್ಟೆ. ಅದೇ ಐಎಸ್ಓ, ಅದೇ ಬೆಳಕು, ಶಟರ್ 1/250. ಎಂಟು ಪಟ್ಟು ಬೆಳಕು ಒಳಗೆ ಬಂದಿತ್ತು. ದಾಸವಾಳದ ನಡುವಿನ ಕೇಸರದ ಒಂದೊಂದು ಕಾಳೂ ನಿಚ್ಚಳ. ಈ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲವೇ ಇಲ್ಲ, ಆದರೂ ನನಗೆ ಈವರೆಗೆ ಅದರ ಕೊರತೆ ಅನಿಸಿಲ್ಲ.

ಮೊದಲ ತಿಂಗಳು ಎಲ್ಲವನ್ನೂ 1.8ರಲ್ಲೇ ತೆಗೆದೆ. ದುಡ್ಡು ಕೊಟ್ಟಿದ್ದೇ ಅದಕ್ಕಲ್ವಾ? ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಸೇವಂತಿಗೆಯ ಮುಂದಿನ ಎರಡು ಎಸಳು ಮಾತ್ರ ಚೆನ್ನಾಗಿವೆ, ಉಳಿದದ್ದೆಲ್ಲ ಹೊಗೆ. ಅತಿ ಹತ್ತಿರದಲ್ಲಿ 1.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ. ನಾನು ಉಸಿರು ಬಿಟ್ಟರೆ ಸಾಕು, ಫೋಕಸ್ ಜಾರಿರುತ್ತದೆ. ಅದನ್ನೇ 8ಕ್ಕೆ ಇಟ್ಟರೆ ಎಂಟು ಮಿಲಿಮೀಟರಿನಷ್ಟು ಆಳ ಸಿಗುತ್ತದೆ, ಆದರೆ ಹಿಂದಿನ ಬಟ್ಟೆ ತಂತಿ, ಇವರ ಬನಿಯನ್ನು ಎಲ್ಲ ಕಾಣಲು ಶುರುವಾಗುತ್ತದೆ.

ನಾನು ಕಂಡುಕೊಂಡ ದಾರಿ ಹಿಂದೆ ಸರಿಯುವುದು. ಒಂದು ಮೀಟರ್ ದೂರ ನಿಂತು 2.8ಕ್ಕೆ ಇಟ್ಟರೆ ನಾಲ್ಕು ಸೆಂಟಿಮೀಟರಿನಷ್ಟು ಆಳ ಸಿಗುತ್ತದೆ. ಚೌಕಟ್ಟಿನಲ್ಲಿ ನಲವತ್ತು ಸೆಂಟಿಮೀಟರ್ ಅಗಲದ ಜಾಗ. ಅಂದರೆ ಒಂದು ಹೂವಿನ ಬದಲು ಒಂದು ಗೊಂಚಲು, ಅದರ ಎಲೆ, ಎಲೆಯ ಮೇಲಿನ ಇಬ್ಬನಿ, ಹಿಂದೆ ಕರಗಿದ ಹಸಿರು. ಹೂವು ಗಿಡದಲ್ಲೇ ಇದೆ ಅನ್ನಿಸುವ ಚಿತ್ರ. ಈ ಲೆನ್ಸಿನ ಜಾಗ ಅದು. ಇದು ತಿಳಿಯಲು ನನಗೆ ಒಂದಿಡೀ ಡಿಸೆಂಬರ್ ಬೇಕಾಯಿತು.

ಮಾಗಿಯ ಬಿಸಿಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಏಪ್ರಿಲ್ ಕೊನೆಯಲ್ಲಿ ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸಂಕ್ರಾಂತಿ ಹೊತ್ತಿಗೆ ಹಾಗಲ್ಲ. ನಡು ಮಧ್ಯಾಹ್ನವೂ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 56 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹಾಗಾಗಿ ಬೆಳಕು ದಿನವಿಡೀ ಓರೆ. ಬೇಸಿಗೆಯಲ್ಲಿ ಹತ್ತು ಗಂಟೆಗೆ ಕ್ಯಾಮೆರಾ ಒಳಗಿಡಬೇಕು. ಈಗ ಹನ್ನೊಂದರವರೆಗೂ ಧೈರ್ಯವಾಗಿ ಓಡಾಡಬಹುದು, ಮತ್ತೆ ಮೂರೂವರೆಯಿಂದ ಶುರು.

ಹನ್ನೊಂದರ ಮೇಲೂ ತೆಗೆಯಲೇಬೇಕು ಅಂದರೆ ಇವರ ಬಿಳಿ ಪಂಚೆ ಇದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಹರವಿ, ಅದರ ನೆರಳಿಗೆ ಕುಂಡ ಸರಿಸುತ್ತೇನೆ. ಬಿಸಿಲು ಸೋಸಿ ಇಳಿಯುತ್ತದೆ. ಹೂವಿನ ಕೆಳಭಾಗ ಕಪ್ಪಾದರೆ ಮೈಸೂರು ಪಾಕಿನ ಡಬ್ಬದ ಬೆಳ್ಳಿ ಬಣ್ಣದ ರಟ್ಟನ್ನು ಕೆಳಗೆ ಹಿಡಿದರೆ ಆಯಿತು. ಹಿಂದೆ ಕಪ್ಪು ಬೇಕಾದರೆ ಮಳೆಗಾಲದ ಛತ್ರಿ ಬಿಚ್ಚಿ ಇಡುತ್ತೇನೆ. ಇದಕ್ಕೆಲ್ಲ ಅಂತ ಮಾರುವ ಸಾಮಾನು ಇವೆ, ನಾನು ಕೊಂಡಿಲ್ಲ. ಒಮ್ಮೆ ಪಂಚೆ ಹುಡುಕುತ್ತಾ ಟವೆಲ್ ಸುತ್ತಿಕೊಂಡು ಹೊರಗೆ ಬಂದ ಇವರು ಅದನ್ನು ದಾಸವಾಳದ ತಲೆಯ ಮೇಲೆ ಕಂಡು ಏನೂ ಹೇಳದೆ ಒಳಗೆ ಹೋದರು.

ಬಣ್ಣದ ವಿಷಯದಲ್ಲಿ ಲೆನ್ಸಿನ ತಪ್ಪಿಲ್ಲ, ಕ್ಯಾಮೆರಾ ಎಡವುತ್ತದೆ. ಬಿಳಿ ಹೂವು ಚೌಕಟ್ಟು ತುಂಬಿದರೆ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಅರ್ಧ ಸ್ಟಾಪಿನಿಂದ ಒಂದು ಸ್ಟಾಪಿನಷ್ಟು ಹೆಚ್ಚಿಸಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಕೆಂಪು ದಾಸವಾಳ, ಕೆಂಪು ಸಾಲ್ವಿಯಾಕ್ಕೆ ಉಲ್ಟಾ. ಸ್ವಲ್ಪ ಕಡಿಮೆ ಮಾಡದಿದ್ದರೆ ಎಸಳಿನ ಗೆರೆಗಳೆಲ್ಲ ಅಳಿಸಿ ಕುಂಕುಮ ಚೆಲ್ಲಿದ ಹಾಗೆ ಆಗುತ್ತದೆ. ಸ್ಫಟಿಕದ ಹೂವಿನ ನೇರಳೆ ಮಾತ್ರ ನನಗೆ ಇಂದಿಗೂ ಕಣ್ಣಿಗೆ ಕಂಡಂತೆ ಸಿಕ್ಕಿಲ್ಲ. ಫೋಟೋದಲ್ಲಿ ನೀಲಿ ಕಡೆ ವಾಲುತ್ತದೆ. ನೆರಳಲ್ಲಿ ತೆಗೆದರೆ ಇನ್ನೂ ನೀಲಿ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು 'ಶೇಡ್'ಗೆ, ಅಂದರೆ ನೆರಳಿಗೆ, ಇಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

1500ಡಿಯ ಹಿಂದಿನ ಪರದೆ ಮಡಚಲು ಬರುವುದಿಲ್ಲ. ನೆಲಮಟ್ಟದ ಹೂವಿಗೆ ನಾನು ನೆಲದ ಮೇಲೆ ಮಲಗಬೇಕು. 62ರ ಮಂಡಿಗೆ ಅದು ಆಗದ ಮಾತು. ಅದಕ್ಕೇ ನಾನು ಬಗ್ಗುವ ಬದಲು ಕುಂಡವನ್ನೇ ಸ್ಟೂಲಿನ ಮೇಲೆ ಇಡುತ್ತೇನೆ. ಸೇವಂತಿಗೆ ನೆಲದಲ್ಲಿ ಹಾಕದೆ ಕುಂಡದಲ್ಲಿ ಬೆಳೆಸಿದ್ದು ಹೀಗೆ ಉಪಯೋಗಕ್ಕೆ ಬಂತು. (ಗಿಡ ಬೆಳೆಸುವವರಿಗೆ ಒಂದು ಮಾತು: ಗೇಟಿನ ಹತ್ತಿರದ ಎರಡು ಕುಂಡ ನವೆಂಬರ್ ಕಳೆದರೂ ಮೊಗ್ಗು ಬಿಡಲಿಲ್ಲ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದದ ಕತ್ತಲು ಬೇಕು, ನಮ್ಮದಕ್ಕೆ ರಾತ್ರಿಯಿಡೀ ಬೀದಿ ದೀಪ ಬೀಳುತ್ತಿತ್ತು. ಹಿತ್ತಲಿಗೆ ಸಾಗಿಸಿದ ಮೇಲೆ ತಡವಾಗಿಯಾದರೂ ಹೂ ಬಿಟ್ಟವು.)

ಇನ್ನು ಊರಿನ ನೋಟ. ನಮ್ಮದು ಸರಸ್ವತಿಪುರಂ, ಕುಕ್ಕರಹಳ್ಳಿ ಕೆರೆ ನಡೆದು ಹೋಗುವಷ್ಟು ಹತ್ತಿರ. ಮಂಜು ಬಿದ್ದ ಬೆಳಿಗ್ಗೆ ಪಡುವಣ ದಡದಲ್ಲಿ ನಿಂತರೆ ನೀರಿನಾಚೆ ಚಾಮುಂಡಿ ಬೆಟ್ಟ ತೇಲುತ್ತಿರುತ್ತದೆ, ಅದರ ಎಡಕ್ಕೆ ಸೂರ್ಯ ಏಳುತ್ತಾನೆ. ಇದೆಲ್ಲವನ್ನೂ ಒಂದೇ ಫೋಟೋದಲ್ಲಿ ಹಿಡಿಯಬೇಕು ಅಂದರೆ 50 ಕೈಕೊಡುತ್ತದೆ. ಈ ಕ್ಯಾಮೆರಾದ ಸೆನ್ಸರ್ ಚಿಕ್ಕದು. ಹಾಗಾಗಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 80 ಎಂಎಂ ಲೆನ್ಸಿಗೆ ಸಿಗುವಷ್ಟೇ ಕಿರಿದಾದ ನೋಟ ಸಿಗುತ್ತದೆ. ಬೆಟ್ಟ ಸಿಕ್ಕರೆ ಕೆರೆ ಇಲ್ಲ, ಕೆರೆ ಸಿಕ್ಕರೆ ಅರ್ಧ ಬೆಟ್ಟ. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಬೇಲಿ. ಹೆಜ್ಜಾರ್ಲೆಗಳಿಗೆ ಮತ್ತೆ ಈ ಲೆನ್ಸು ತುಂಬ ಗಿಡ್ಡ. ನಡುಗಡ್ಡೆಯ ಮರದ ಮೇಲೆ ಕೂತ ಹಕ್ಕಿ ಅಕ್ಕಿಕಾಳಿನಷ್ಟು ಬೀಳುತ್ತದೆ.

ಆದರೆ ತುಣುಕು ಹಿಡಿಯಲು ಒಳ್ಳೆಯದು. ಬಾಗಿದ ಒಂದು ಕೊಂಬೆ, ಅದರ ಕೆಳಗೆ ಮಫ್ಲರ್ ಸುತ್ತಿಕೊಂಡು ನಡೆಯುವ ಇಬ್ಬರು ಯಜಮಾನರು, ಹಿಂದೆ ಹಾಲಿನಂಥ ಮಂಜು. ಸೂರ್ಯ ಎಲೆಗಳ ಸಂದಿಯಿಂದ ಇಣುಕುವಾಗ ಅಪರ್ಚರ್ 16ಕ್ಕೆ ಇಟ್ಟರೆ ಹದಿನಾಲ್ಕು ಕಡ್ಡಿಯ ನಕ್ಷತ್ರ ಬೀಳುತ್ತದೆ. ಒಳಗೆ ಏಳು ಎಲೆಯ ಅಪರ್ಚರ್ ಇರುವುದರಿಂದ ಹಾಗೆ. ನಾನು ಇದನ್ನು ಎಣಿಸಿ ನೋಡಿದ್ದೇನೆ, ನಗಬೇಡಿ.

ಡಿಸೆಂಬರ್ ಕೊನೆಯ ವಾರ ಅರಮನೆ ಆವರಣದ ಫಲಪುಷ್ಪ ಪ್ರದರ್ಶನಕ್ಕೂ ತಗೊಂಡು ಹೋದೆ. ಜನವೋ ಜನ. ಒಂದು ಮೀಟರ್ ಹಿಂದೆ ಸರಿದರೆ ಯಾರದೋ ಕಾಲು ತುಳಿಯುತ್ತೀರಿ. ಅಲ್ಲಿಗೆ ಮೊಬೈಲೇ ಸಾಕು.

ದೇವರಾಜ ಮಾರುಕಟ್ಟೆ ಮಾತ್ರ ಬೇರೆ ಕಥೆ. ಬೆಳಿಗ್ಗೆ ಎಂಟರ ಸುಮಾರಿಗೆ ಹೋಗಿ. ಮೇಲಿನ ಟಾರ್ಪಾಲಿನ ಸಂದಿಯಿಂದ ಒಂದೊಂದು ಬಿಸಿಲಿನ ಕೋಲು ಇಳಿಯುತ್ತಿರುತ್ತದೆ, ಸುತ್ತ ಎಲ್ಲ ನೆರಳು. ಚೆಂಡು ಹೂವಿನ ರಾಶಿ, ಸೇವಂತಿಗೆಯ ಸುರುಳಿ, ಮಾರು ಅಳೆಯಲು ಎದೆಯಗಲ ಚಾಚಿದ ಕೈ. ಎರಡು ಮೀಟರ್ ದೂರದಿಂದ ಮೆಲ್ಲಗೆ ತೆಗೆಯಬಹುದು. ಫ್ಲ್ಯಾಶ್ ಬೇಡ. ಅಲ್ಲಿನ ಮಬ್ಬು ಬೆಳಕಿಗೆ ಇದು ಹೇಳಿ ಮಾಡಿಸಿದ ಲೆನ್ಸು. ಒಂದು ಮಾರು ಹೂವು ಕೊಂಡು, "ಒಂದು ಫೋಟೋ ತೆಗೀಲಾ ಅಣ್ಣ?" ಅಂತ ಕೇಳಿದರೆ ಬೇಡ ಅಂದವರು ಕಡಿಮೆ.

ಕನಕಾಂಬರದ ಆಸೆ ಬಿಟ್ಟಿರಲಿಲ್ಲ. ಲೆನ್ಸು ಮತ್ತು ಕ್ಯಾಮೆರಾ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಅಂತ ಸಿಗುತ್ತದೆ. ಗಾಜಿಲ್ಲದ ಬರಿ ಕೊಳವೆ. 12 ಎಂಎಂ ಟ್ಯೂಬ್ ಹಾಕಿದರೆ ಇದೇ ಲೆನ್ಸು ಐದು ಸೆಂಟಿಮೀಟರ್ ಅಗಲದ ಜಾಗಕ್ಕೆ ಇಳಿಯುತ್ತದೆ, ಕಿಟ್ ಲೆನ್ಸಿಗಿಂತ ಮುಂದೆ. ಆನ್‌ಲೈನಿನಲ್ಲಿ ಅಗ್ಗದ್ದು ತರಿಸಿದೆ. ಕೆಲಸ ಮಾಡಿತು, ಕನಕಾಂಬರ ಕೊನೆಗೂ ತುಂಬಿಕೊಂಡಿತು. ಆದರೆ ಮೂರನೇ ದಿನ ಟ್ಯೂಬು ಕ್ಯಾಮೆರಾದಲ್ಲೇ ಸಿಕ್ಕಿಕೊಂಡಿತು. ತಿರುಗಿಸಿದರೆ ತಿರುಗದು. ಸಂಕ್ರಾಂತಿ ಎದುರಿಗೆ ಹೀಗಾಯಿತಲ್ಲ ಅಂತ ಅಳು ಬರುವುದೊಂದು ಬಾಕಿ. ಬೀದಿ ಕೊನೆಯ ಸ್ಟುಡಿಯೋದವರು ಹತ್ತು ನಿಮಿಷ ಒದ್ದಾಡಿ ಬಿಡಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ, ಎಳ್ಳುಬೆಲ್ಲ ಕೊಟ್ಟು ಬಂದೆ. ಟ್ಯೂಬ್ ಕೊಳ್ಳುವುದಾದರೆ ಬಾಯಿ ಲೋಹದ್ದಿರುವುದನ್ನು ಕೊಳ್ಳಿ. ಒಳಗೆ ಚಿನ್ನದ ಬಣ್ಣದ ಸಂಪರ್ಕದ ಬಿಂದುಗಳೂ ಇರಲಿ. ಅವಿಲ್ಲದಿದ್ದರೆ ಕ್ಯಾಮೆರಾದಿಂದ ಅಪರ್ಚರ್ ಬದಲಿಸಲು ಆಗುವುದಿಲ್ಲ, ಆಟೋಫೋಕಸ್ಸೂ ಇಲ್ಲ. ಇನ್ನೊಂದು: ಟ್ಯೂಬ್ ಹಾಕಿರುವಷ್ಟು ಹೊತ್ತು ದೂರದ್ದು ಯಾವುದಕ್ಕೂ ಫೋಕಸ್ ಆಗದು. ಹೂವು ತೆಗೆಯುವಾಗ ನವಿಲು ಬಂದರೆ ಸುಮ್ನೆ ನೋಡಿ ಖುಷಿಪಡಿ.

ಸಣ್ಣಪುಟ್ಟ ಕಿರಿಕಿರಿ ಇವೆ. ಕೈಯಿಂದ ಫೋಕಸ್ ಮಾಡುವ ಬಳೆ ನೇರವಾಗಿ ಗಾಜಿಗೆ ಜೋಡಿಸಿಲ್ಲ, ಮೋಟರಿನ ಮೂಲಕ ಓಡುತ್ತದೆ. ಕ್ಯಾಮೆರಾ ಆಫ್ ಇದ್ದರೆ ತಿರುಗಿಸಿದರೂ ಏನೂ ಆಗದು. ಬಿಸಿಲು ತಡೆಯುವ ಹುಡ್ ಬೇರೆಯಾಗಿ ಕೊಳ್ಳಬೇಕು. ನಾನು ಕೊಳ್ಳದೆ ಅಂಗೈ ಅಡ್ಡ ಹಿಡಿಯುತ್ತೇನೆ, ಅರ್ಧ ಫೋಟೋಗಳಲ್ಲಿ ನನ್ನ ಬೆರಳಿದೆ. ಎದುರು ಬಿಸಿಲಿನಲ್ಲಿ ಇಬ್ಬನಿ ತೆಗೆಯುವಾಗ 1.8ರಲ್ಲಿ ಹನಿಯ ಅಂಚಿಗೆ ನೇರಳೆ, ಹಸಿರು ಗೆರೆ ಅಂಟಿಕೊಳ್ಳುತ್ತದೆ. 2.8ಕ್ಕೆ ತಂದರೆ ಕಡಿಮೆ, 4ಕ್ಕೆ ಬಹುತೇಕ ಮಾಯ.

ಈ ಎರಡು ಚಳಿಗಾಲದಲ್ಲಿ ತೆಗೆದ ಸಾವಿರಾರು ಫೋಟೋಗಳಲ್ಲಿ ನನಗೆ ಇಷ್ಟವಾದ ಒಂದು ಗಿಡದ ಹೂವಿನದಲ್ಲ. ಕಳೆದ ಜನವರಿಯ ಒಂದು ಬೆಳಿಗ್ಗೆ ದಟ್ಟ ಮಂಜು, ಬಿಸಿಲೇ ಬರಲಿಲ್ಲ. ಬೇಜಾರಾಗಿ ಒಳಗೆ ಬಂದೆ. ನಡುಮನೆಯ ಕಿಟಕಿ ಪಕ್ಕ ಅತ್ತೆ ಕೂತು ಬುಟ್ಟಿಯಿಂದ ಹೂವು ಬಿಡಿಸುತ್ತಿದ್ದರು. ಸ್ಫಟಿಕ ಒಂದು ಕಡೆ, ಸೇವಂತಿಗೆ ಒಂದು ಕಡೆ. ಕಿಟಕಿಯಿಂದ ಮಂಜಿನ ಬೆಳಕು ನೆರಳೇ ಇಲ್ಲದ ಹಾಗೆ ಅವರ ಕೈ ಮೇಲೆ ಬೀಳುತ್ತಿತ್ತು. ದೀಪ ಹಾಕಲು ಹೋದ ಇವರನ್ನು ತಡೆದೆ. ಅಪರ್ಚರ್ 2.2, ಒಂದು ಮೀಟರಿಗಿಂತ ಚೂರು ಹೆಚ್ಚು ದೂರ. ಬೆರಳ ಗೆಣ್ಣು, ಹಸಿರು ಗಾಜಿನ ಬಳೆ, ನೇರಳೆ ಹೂವು ಸ್ಪಷ್ಟ. ಮುಖ ಮಬ್ಬು.

ಫೋಟೋ ನೋಡಿ ಅತ್ತೆ, "ಮುಖವೇ ಕಾಣಲ್ವಲ್ಲೇ, ಇದಕ್ಕೆ ಐದೂವರೆ ಸಾವಿರ ಕೊಟ್ಯಾ?" ಅಂದರು. ಆಮೇಲೆ ಅದನ್ನು ದೊಡ್ಡದಾಗಿ ಹಾಕಿಸಿ ಅವರ ಕೋಣೆಯಲ್ಲೇ ತೂಗುಹಾಕಿದೆವು. ಬಂದವರಿಗೆಲ್ಲ ತೋರಿಸುತ್ತಾರೆ.

ನಿಮ್ಮ ಹತ್ತಿರ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದು, ಬೆಳಗಿನ ಹೊತ್ತು ಫೋಟೋ ತೆಗೆಯುವವರಾದರೆ ಸೆಕೆಂಡ್ ಹ್ಯಾಂಡ್ ಹುಡುಕಿ ತಗೊಳ್ಳಿ. ಎಸ್‌ಟಿಎಂ ಅಂತ ಬರೆದದ್ದೇ ನೋಡಿ ತಗೊಳ್ಳಿ. ಇದಕ್ಕೂ ಮುಂಚಿನ 1990ರ ಮಾದರಿ ಇನ್ನೂ ದೂರ ನಿಲ್ಲಿಸುತ್ತದೆ, 45 ಸೆಂಟಿಮೀಟರ್. ಕ್ಯಾನನ್ನಿನದೇ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಆರ್ ಸರಣಿಯ ಕ್ಯಾಮೆರಾ ಇರುವವರಿಗೆ 2020ರಲ್ಲಿ ಬಂದ ಆರ್‌ಎಫ್ 50 ಇದೆ, ಅದು 30 ಸೆಂಟಿಮೀಟರಿನವರೆಗೆ ಹೋಗುತ್ತದೆ. ಹೂವಿನೊಳಗಿನ ಇರುವೆ ಬೇಕು ಅನ್ನುವವರು ದುಡ್ಡು ಕೂಡಿಟ್ಟು, ತೀರ ಹತ್ತಿರದ ಫೋಟೋಗೆಂದೇ ಮಾಡಿದ ಮ್ಯಾಕ್ರೋ ಲೆನ್ಸೇ ಕೊಳ್ಳಿ.

ಅತ್ತೆ ಜೊತೆ ಈಗ ಒಂದು ಒಪ್ಪಂದ ಆಗಿದೆ. ಗಿಡಕ್ಕೆ ಎರಡರಂತೆ ಹೂವು ಎಂಟು ಗಂಟೆಯವರೆಗೆ ನನಗೆ, ಆಮೇಲೆ ದೇವರಿಗೆ. ಶುಕ್ರವಾರ ಮಾತ್ರ ಒಪ್ಪಂದ ನಡೆಯುವುದಿಲ್ಲ, ಎಲ್ಲವೂ ದೇವರಿಗೇ. ಅವತ್ತು ನಾನು ಕಿಟ್ ಲೆನ್ಸ್ ಹಾಕಿಕೊಂಡು ಕೆರೆ ಕಡೆ ಹೊರಡುತ್ತೇನೆ.